ಕಿವಿಗೆ ಬೀಳುತ್ತದೆ, ಮಾತು ಸಿಗುವುದಿಲ್ಲ: ಪಿಪಿಎ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮಪ್ಪ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದರು. ಬೇಲೂರು ಬಸ್ಸು ಎಲ್ಲಿ ನಿಂತಿದೆ, ಅರಕಲಗೂಡು ಬಸ್ಸು ಎಷ್ಟೊತ್ತಿಗೆ ಹೊರಡುತ್ತದೆ ಅಂತ ಮೈಕಿನಲ್ಲಿ ಕೂಗಿ ಹೇಳುತ್ತಿದ್ದವರು ಅವರೇ. ನಿವೃತ್ತಿಯಾದ ನಾಲ್ಕು ವರ್ಷಕ್ಕೆ ಅದೇ ಸ್ಟ್ಯಾಂಡಿನಲ್ಲಿ ನಿಂತು, "ಏನಂತೆ? ಏನು ಹೇಳ್ತಿದ್ದಾರೆ?" ಎಂದು ನನ್ನನ್ನು ಕೇಳಿದರು. ಕಿವಿ ಮಂದವಾಗಿದೆ ಅಂದುಕೊಂಡೆವು. ತೊಂದರೆ ಕಿವಿಯದ್ದಲ್ಲ ಅಂತ ಗೊತ್ತಾಗಲು ಎರಡು ವರ್ಷ ಹಿಡಿಯಿತು. ಅವರಿಗೆ ಪ್ರೈಮರಿ ಪ್ರೋಗ್ರೆಸಿವ್ ಅಫೇಸಿಯಾ ಇತ್ತು. ಚಿಕ್ಕದಾಗಿ ಪಿಪಿಎ ಅನ್ನುತ್ತಾರೆ. ಅಫೇಸಿಯಾ ಅಂದರೆ ಮಿದುಳಿನ ಹಾನಿಯಿಂದ ಭಾಷೆ ಕುಂದುವುದು.

ನಾನು ಡಾಕ್ಟರ್ ಅಲ್ಲ. ಏಳು ವರ್ಷ ಅಪ್ಪನ ಪಕ್ಕದಲ್ಲಿ ಇದ್ದವಳು, ಕೈಗೆ ಸಿಕ್ಕಿದ್ದನ್ನೆಲ್ಲ ಓದಿದವಳು. ಇಂಥದೇ ಕಾಯಿಲೆ ಇರುವ ಮನೆಗಳವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಪಿಪಿಎ ಅಂದರೆ ಏನು?

ಮಿದುಳಿನಲ್ಲಿ ಭಾಷೆಯನ್ನು ನೋಡಿಕೊಳ್ಳುವ ಭಾಗ ನಿಧಾನವಾಗಿ ಸವೆಯುವ ಕಾಯಿಲೆ. ಬಹುತೇಕರಲ್ಲಿ ಈ ಭಾಗ ಎಡಗಡೆ ಇರುತ್ತದೆ. ಶುರುವಿನಲ್ಲಿ ನೆನಪು, ದಾರಿ ಗುರುತು, ದಿನದ ಕೆಲಸ ಎಲ್ಲ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತವೆ. ಮಾತು ಮಾತ್ರ ಜಾರುತ್ತದೆ.

ಪ್ರಾಗ್ ನಗರದ ವೈದ್ಯ ಆರ್ನಾಲ್ಡ್ ಪಿಕ್ 1892ರಲ್ಲೇ ಇಂಥ ಒಬ್ಬ ರೋಗಿಯ ಬಗ್ಗೆ ಬರೆದಿದ್ದರು. ಆದರೆ ಇದನ್ನು ಬೇರೆಯೇ ಕಾಯಿಲೆ ಎಂದು ಗುರುತಿಸುವ ಕೆಲಸ ನಿಜವಾಗಿ ಶುರುವಾದದ್ದು 1982ರಲ್ಲಿ. ಆಗ ಅಮೆರಿಕದ ನರತಜ್ಞ ಮಾರ್ಸೆಲ್ ಮೆಸುಲಮ್ ಆರು ಜನರ ಕಥೆ ಪ್ರಕಟಿಸಿದರು. ಆರೂ ಜನರಿಗೆ ವರ್ಷಗಟ್ಟಲೆ ಮಾತು ಕುಂದುತ್ತಾ ಹೋಗಿತ್ತು, ಆದರೆ ಎಲ್ಲರೂ ಹೇಳುವ ಮರೆವಿನ ಕಾಯಿಲೆ ಇರಲಿಲ್ಲ. ಹೆಚ್ಚಾಗಿ 50ರಿಂದ 70 ವರ್ಷದ ನಡುವೆ ಶುರುವಾಗುತ್ತದೆ, ಅಂದರೆ ಕೆಲವರಿಗೆ ಇನ್ನೂ ಕೆಲಸದಲ್ಲಿರುವಾಗಲೇ.

ಹಾಲಿವುಡ್ ನಟ ಬ್ರೂಸ್ ವಿಲ್ಲಿಸ್ ಅವರಿಗೆ ಅಫೇಸಿಯಾ ಇದೆ ಎಂದು ಅವರ ಕುಟುಂಬ 2022ರ ಮಾರ್ಚ್‌ನಲ್ಲಿ ಹೇಳಿತು. ಮರುವರ್ಷ ಫೆಬ್ರವರಿಯಲ್ಲಿ ಅದು ಫ್ರಂಟೋಟೆಂಪೊರಲ್ ಡಿಮೆನ್ಶಿಯಾ, ಅಂದರೆ ಮಿದುಳಿನ ಮುಂಭಾಗ ಮತ್ತು ಪಕ್ಕದ ಭಾಗ ಸವೆದು ಬುದ್ಧಿಶಕ್ತಿ ಕುಂದುವ ಕಾಯಿಲೆ, ಎಂದು ತಿಳಿಸಿತು. ಪಿಪಿಎಯ ಮೂರು ಬಗೆಗಳಲ್ಲಿ ಎರಡು ಆ ಕಾಯಿಲೆಯ ಗುಂಪಿಗೇ ಸೇರುತ್ತವೆ.

ಸ್ಟ್ರೋಕ್ ಆದವರಿಗೂ ಮಾತು ಹೋಗುತ್ತಲ್ಲ, ಇದೂ ಅದೇನಾ?

ಅಲ್ಲ. ಸ್ಟ್ರೋಕ್ ಹೊಡೆದರೆ ಮಾತು ಒಮ್ಮೆಗೇ ಹೋಗುತ್ತದೆ. ಪ್ಯಾರಿಸ್ಸಿನಲ್ಲಿ ಪೌಲ್ ಬ್ರೋಕಾ 1861ರಲ್ಲಿ "ಟಾನ್" ಅಂತ ಮಾತ್ರ ಹೇಳಬಲ್ಲ ಒಬ್ಬ ರೋಗಿಯ ಮಿದುಳನ್ನು ಆತ ಸತ್ತ ಮೇಲೆ ನೋಡಿ, ಹಾನಿ ಎಡ ಮುಂಭಾಗದಲ್ಲಿದೆ ಎಂದು ತೋರಿಸಿದರು. ಮಾತಿನ ಬಗ್ಗೆ ನಮಗೆ ಗೊತ್ತಿರುವ ಬಹಳಷ್ಟು ಸಂಗತಿ ಹೀಗೆ ಒಂದು ಕಡೆ ಗಾಯವಾದವರಿಂದಲೇ ಬಂದದ್ದು. ಪಿಪಿಎಯಲ್ಲಿ ಗಾಯ ಅಂತ ಇರುವುದಿಲ್ಲ, ಹಂತ ಹಂತವಾಗಿ ಸವೆಯುತ್ತದೆ. ಯಾವತ್ತು ಶುರುವಾಯಿತು ಅಂತ ಯಾವ ಮನೆಯವರೂ ದಿನ ಹೇಳಲಾರರು.

ಒಂದು ಮಾತು ನೆನಪಿಡಿ. ಇದ್ದಕ್ಕಿದ್ದ ಹಾಗೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕಡೆಯ ಕೈ ಬಿದ್ದುಹೋದರೆ ಕಾಯಬೇಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೇ ಗಡುವು. ಈಗಾಗಲೇ ಪಿಪಿಎ ಇರುವವರಿಗೂ ಸ್ಟ್ರೋಕ್ ಆಗಬಹುದು.

ಮಾತು ಕಿವಿಗೆ ಬಿದ್ದಾಗ ಮಿದುಳಿನಲ್ಲಿ ಏನಾಗುತ್ತದೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಇದು ತಿಳಿದ ಮೇಲೆಯೇ ನಾನು ಅಪ್ಪನ ಮೇಲೆ ರೇಗುವುದನ್ನು ನಿಲ್ಲಿಸಿದ್ದು.

ನಾವು ಮಾತಾಡುವಾಗ ಸೆಕೆಂಡಿಗೆ ಸುಮಾರು 4ರಿಂದ 7 ಅಕ್ಷರ ಬಾಯಿಂದ ಹೊರಡುತ್ತವೆ. ಒಳಗಿವಿ ಆ ಸದ್ದನ್ನು ನರದ ಸಂಕೇತ ಮಾಡುತ್ತದೆ. ಅದು ಮಿದುಳಿನ ಕಾಂಡ ದಾಟಿ, ಕಿವಿಯ ಮೇಲುಗಡೆ ಇರುವ ಪಕ್ಕದ ಭಾಗಕ್ಕೆ ಸೇರುತ್ತದೆ. ಸದ್ದಿನ ಸಣ್ಣ ಸಣ್ಣ ವ್ಯತ್ಯಾಸ ಬೇರೆಯಾಗುವುದು ಅಲ್ಲಿ. ನಮ್ಮ "ಬೆಳೆ" ಮತ್ತು "ಬೇಳೆ"ಯನ್ನೇ ನೋಡಿ. ಒಂದು ಹೊಲದಲ್ಲಿ, ಇನ್ನೊಂದು ಡಬ್ಬಿಯಲ್ಲಿ. ಎರಡಕ್ಕೂ ಇರುವ ಅಂತರ ಒಂದು ಸ್ವರ ತುಸು ಎಳೆಯುವಷ್ಟೇ.

ಅಲ್ಲಿಂದ ದಾರಿ ಎರಡಾಗುತ್ತದೆ. ಗ್ರೆಗರಿ ಹಿಕಾಕ್ ಮತ್ತು ಡೇವಿಡ್ ಪಾಪೆಲ್ ಎಂಬ ವಿಜ್ಞಾನಿಗಳು 2007ರಲ್ಲಿ ಇದನ್ನು ವಿವರವಾಗಿ ಬರೆದರು. ಕೆಳಗಿನ ದಾರಿ ಪಕ್ಕದ ಭಾಗದಲ್ಲೇ ಮುಂದೆ ಸಾಗಿ ಅರ್ಥಕ್ಕೆ ಹೋಗುತ್ತದೆ. ಮೇಲಿನ ದಾರಿ ಹಿಂದಿನಿಂದ ಬಳಸಿಕೊಂಡು ಮುಂಭಾಗಕ್ಕೆ, ಬಾಯಾಡಿಸುವ ಕಡೆಗೆ ಹೋಗುತ್ತದೆ. ಕೇಳಿದ್ದನ್ನು ಹಾಗೇ ತಿರುಗಿ ಹೇಳಲು, ಒಂದು ಫೋನ್ ನಂಬರನ್ನು ಸ್ವಲ್ಪ ಹೊತ್ತು ನಾಲಿಗೆ ಮೇಲೆ ಇಟ್ಟುಕೊಳ್ಳಲು ಈ ಎರಡನೇ ದಾರಿ ಬೇಕು.

ಇಷ್ಟೇ ಆಗಿದ್ದರೆ ಮಿದುಳು ಸುಮ್ನೆ ಸದ್ದು ಬರುವುದನ್ನೇ ಕಾಯುತ್ತಾ ಕೂರಬೇಕಿತ್ತು. ಹಾಗೆ ಕೂರುವುದಿಲ್ಲ, ಮುಂದೆ ಏನು ಬರುತ್ತದೆ ಅಂತ ಊಹಿಸುತ್ತಲೇ ಇರುತ್ತದೆ. "ಒಲೆ ಮೇಲೆ ಹಾಲು ಉಕ್ಕಿ..." ಅಂತ ಯಾರಾದರೂ ಅಂದರೆ "ಹೋಯ್ತು" ಅನ್ನುವುದು ಕಿವಿಗೆ ಬೀಳುವ ಮೊದಲೇ ನಾವು ಎದ್ದಿರುತ್ತೇವೆ, ಅಲ್ವಾ? 1980ರಲ್ಲಿ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್‌ಯಾರ್ಡ್ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. "ಬೆಚ್ಚಗಿನ ಬ್ರೆಡ್ಡಿಗೆ ಸಾಕ್ಸ್ ಸವರಿದ" ಎಂಬಂಥ ವಾಕ್ಯಗಳನ್ನು ಓದಿಸಿ, ತಲೆಯ ಮೇಲೆ ಎಲೆಕ್ಟ್ರೋಡ್ ಇಟ್ಟು ನೋಡಿದರು. ಹೊಂದದ ಪದ ಬಂದು ಸುಮಾರು 400 ಮಿಲಿಸೆಕೆಂಡಿಗೆ ಮಿದುಳಿನಲ್ಲಿ ಒಂದು ಅಲೆ ಎದ್ದಿತು. ಅರೆ ಸೆಕೆಂಡ್ ಕಳೆಯುವ ಮೊದಲೇ ಮಿದುಳು "ಇದು ಇಲ್ಲಿಯದಲ್ಲ" ಅಂದಿತ್ತು.

ಊಹೆ ಮಾಡುವುದು, ತಪ್ಪಿದರೆ ತಕ್ಷಣ ತಿದ್ದಿಕೊಳ್ಳುವುದು. ಕೇಳುವುದು ಅಂದರೆ ಬಹಳ ಮಟ್ಟಿಗೆ ಇದೇ.

ಕಿವಿ ಪರೀಕ್ಷೆ ಸರಿ ಬಂದಿದೆ. ಆದರೂ ಅಪ್ಪ "ಏನು? ಏನು?" ಅಂತಾರೆ. ಬೇಕಂತ ಮಾಡ್ತಾರಾ?

ಖಂಡಿತ ಇಲ್ಲ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ನಾವು ಅಂದುಕೊಂಡಿದ್ದೆವು, ಆ ನೋವು ನನಗೆ ಈಗಲೂ ಇದೆ.

ಅಪ್ಪನಿಗಿದ್ದದ್ದು ಮಾತು ತಡವರಿಸುವ ಬಗೆಯ ಪಿಪಿಎ (ಮೂರೂ ಬಗೆಗಳ ಬಗ್ಗೆ ಕೆಳಗೆ ಹೇಳಿದ್ದೇನೆ). ಇದರಲ್ಲಿ ಹಾನಿ ಶುರುವಾಗುವುದು ಎಡ ಮುಂಭಾಗದಲ್ಲಿ, ಬ್ರೋಕಾ ತೋರಿಸಿದ ಜಾಗದ ಆಸುಪಾಸಿನಲ್ಲಿ. ಅದು ಮಾತಾಡುವ ಜಾಗ, ಕೇಳಿಸಿಕೊಳ್ಳಲು ಅದರಿಂದ ತೊಂದರೆಯಿಲ್ಲ ಅಂತ ಬಹಳ ಕಾಲ ನಂಬಿಕೆ ಇತ್ತು. ಆದರೆ ಈ ರೋಗಿಗಳೇ "ಗದ್ದಲದಲ್ಲಿ ಮಾತು ಗೊತ್ತಾಗಲ್ಲ" ಅನ್ನುತ್ತಿದ್ದರು.

ಕೇಂಬ್ರಿಜ್ಜಿನ ಥಾಮಸ್ ಕೋಪ್ ಮತ್ತು ಜೊತೆಗಾರರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರದೆಯ ಮೇಲೆ ಮೊದಲು ಒಂದು ಪದ ಬರೆದು ತೋರಿಸುತ್ತಿದ್ದರು. ಆಮೇಲೆ ಕೆಟ್ಟುಹೋದ ರೇಡಿಯೋದ ಹಾಗೆ ಗರಗರ ಮಾಡಿದ ಧ್ವನಿಯಲ್ಲಿ ಅದೇ ಪದವನ್ನೋ ಬೇರೆ ಪದವನ್ನೋ ಕೇಳಿಸುತ್ತಿದ್ದರು. ಅದೇ ಹೊತ್ತಿಗೆ ಮಿದುಳಿನಿಂದ ಹೊಮ್ಮುವ ತೀರಾ ಸಣ್ಣ ಕಾಂತೀಯ ಸಂಕೇತಗಳನ್ನು ಎಂಇಜಿ ಎಂಬ ಯಂತ್ರದಲ್ಲಿ ಅಳೆಯುತ್ತಿದ್ದರು. ಸದ್ದನ್ನು ಬಿಡಿಸುವ ಪಕ್ಕದ ಭಾಗ ಈ ರೋಗಿಗಳಲ್ಲೂ ಆರೋಗ್ಯವಂತರ ಹಾಗೇ ಕೆಲಸ ಮಾಡುತ್ತಿತ್ತು. ತೊಂದರೆ ಇದ್ದದ್ದು ಮುಂಭಾಗದಲ್ಲಿ. ಊಹೆಗೂ ಕೇಳಿದ್ದಕ್ಕೂ ತಾಳೆ ಹಾಕಿ ಮುಗಿಸಲು ಅದಕ್ಕೆ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಊಹೆಯೂ ಬಿಗಿಯಾಗಿತ್ತು. ಒಮ್ಮೆ ಮನಸ್ಸಿನಲ್ಲಿ ಕೂತದ್ದು ಸುಲಭವಾಗಿ ಕದಲುತ್ತಿರಲಿಲ್ಲ.

ಇದನ್ನು ಓದಿದಾಗ ನನಗೆ ಬಸ್ ಸ್ಟ್ಯಾಂಡ್ ನೆನಪಾಯಿತು. ಮೈಕಿನ ಧ್ವನಿ ಯಾವಾಗಲೂ ಒಡಕು. ಆ ಒಡಕನ್ನು ನಾವೆಲ್ಲ ಊಹೆಯಿಂದಲೇ ತುಂಬಿಕೊಳ್ಳುತ್ತೇವೆ. ಅಪ್ಪನಿಗೆ ತುಂಬಿಕೊಳ್ಳಲು ಸಮಯ ಸಾಲುತ್ತಿರಲಿಲ್ಲ, ಅಷ್ಟರಲ್ಲಿ ಮುಂದಿನ ಬಸ್ಸಿನ ಹೆಸರು ಬಂದಿರುತ್ತಿತ್ತು. ಮನೆಯಲ್ಲೂ ಅಷ್ಟೇ. ಮಿಕ್ಸಿ ತಿರುಗುವಾಗ, ಟಿವಿ ಹಾಕಿದಾಗ, ಮದುವೆ ಮನೆಯಲ್ಲಿ ವಾಲಗ ಊದುವಾಗ ಅವರಿಗೆ ಮಾತು ಸಿಗುತ್ತಿರಲಿಲ್ಲ. ಇಬ್ಬರೇ ಕೂತು ನಿಧಾನವಾಗಿ ಮಾತಾಡಿದರೆ ಸಿಗುತ್ತಿತ್ತು. ಈ ವ್ಯತ್ಯಾಸ ನೋಡಿಯೇ ಅಮ್ಮ, "ಇವರಿಗೆ ಬೇಕಾದಾಗ ಕೇಳುತ್ತೆ" ಅಂತ ಬೇಜಾರಾಗಿದ್ದು.

ಹಾಗಾದರೆ ಹಿಯರಿಂಗ್ ಏಡ್ ಬೇಡವೇ?

ಕಿವಿಯಲ್ಲೂ ದೋಷ ಇದ್ದರೆ ಖಂಡಿತ ಬೇಕು. ಮೊದಲೇ ಕಷ್ಟಪಡುವ ಮಿದುಳಿಗೆ ಅರೆಬರೆ ಸದ್ದು ಕಳಿಸುವುದು ಸರಿಯಲ್ಲ. ಕಿವುಡುತನಕ್ಕೆ ಚಿಕಿತ್ಸೆ ಮಾಡಿಸದಿರುವುದು ಒಟ್ಟಾರೆ ಡಿಮೆನ್ಶಿಯಾದ ಅಪಾಯವನ್ನೂ ಹೆಚ್ಚಿಸುತ್ತದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ 14 ತಡೆಯಬಹುದಾದ ಕಾರಣಗಳಲ್ಲಿ ಅದೂ ಒಂದು.

ಆದರೆ ಪರೀಕ್ಷೆ ಮಾಡಿಸದೆ ಕೊಳ್ಳಬೇಡಿ. ನಾವು ಒಂದು ಅಂಗಡಿಯಲ್ಲಿ ಅವರು ಹೇಳಿದ್ದನ್ನೇ ನಂಬಿ ದುಬಾರಿ ಯಂತ್ರ ತಂದೆವು. ಅಪ್ಪನಿಗೆ ಮಿಕ್ಸಿಯ ಸದ್ದು ಇನ್ನೂ ಜೋರಾಯಿತು, ಅಷ್ಟೇ. ಆಡಿಯಾಲಜಿಸ್ಟ್ (ಕೇಳುವಿಕೆ ಪರೀಕ್ಷಿಸುವ ತಜ್ಞರು) ಹತ್ತಿರ ಬೀಪ್ ಸದ್ದಿನ ಪರೀಕ್ಷೆಯ ಜೊತೆಗೆ, ಮಾತು ಎಷ್ಟು ಅರ್ಥವಾಗುತ್ತದೆ ಎನ್ನುವ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ಪಿಪಿಎಯಲ್ಲಿ ಮೂರು ಬಗೆ ಅಂತಾರೆ. ನಮ್ಮವರದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ನಿರ್ಧಾರ ಡಾಕ್ಟರದ್ದು. ಎಲ್ಲರೂ ಒಂದೇ ಬಗೆಗೆ ಸರಿಯಾಗಿ ಹೊಂದುವುದೂ ಇಲ್ಲ. ಈಗ ಬಳಸುವ ವಿಂಗಡಣೆಯನ್ನು 2011ರಲ್ಲಿ ಹಲವು ದೇಶದ ತಜ್ಞರು ಸೇರಿ ಒಪ್ಪಿದರು. ಮನೆಯಲ್ಲಿ ಕಾಣುವ ಹಾಗೆ ಹೇಳುತ್ತೇನೆ.

ಒಂದು, ಅಪ್ಪನಿಗಿದ್ದ ತಡವರಿಸುವ ಬಗೆ. ಏನು ಹೇಳಬೇಕು ಅಂತ ಗೊತ್ತು, ಬಾಯಿ ತಿರುಗುವುದಿಲ್ಲ. ವಾಕ್ಯ ಚಿಕ್ಕದಾಗುತ್ತದೆ, ವ್ಯಾಕರಣ ಸಡಿಲವಾಗುತ್ತದೆ. ನಮ್ಮ ಕನ್ನಡದಲ್ಲಿ ಪದಕ್ಕೆ ಪ್ರತ್ಯಯ ಸೇರದೆ ಮಾತು ಮುಂದೆ ಹೋಗುವುದೇ ಇಲ್ಲ. ಹಾಗಾಗಿ ಅಂಗಡಿ"ಗೆ", ಅಂಗಡಿ"ಯಿಂದ" ಅದಲುಬದಲಾಗುವುದು, "ಬಂದಳು" ಅನ್ನಬೇಕಾದಲ್ಲಿ "ಬಂದ" ಅನ್ನುವುದು ನಮ್ಮ ಮನೆಯಲ್ಲಿ ಬೇಗ ಕಿವಿಗೆ ಬಿತ್ತು.

ಎರಡು, ಅರ್ಥವೇ ಹೋಗುವ ಬಗೆ. ಇದು ಬಹಳ ಬೇರೆ. ಮಾತು ಸರಾಗವಾಗಿರುತ್ತದೆ, ಉಚ್ಚಾರ ಸ್ಪಷ್ಟ. "ಪಡವಲಕಾಯಿ ಹುಳಿ ಮಾಡ್ಲಾ?" ಅಂದರೆ, "ಪಡವಲಕಾಯಿ... ಪಡವಲಕಾಯಿ ಅಂದ್ರೇನು?" ಅಂತ ಕೇಳುತ್ತಾರೆ. ಪದವನ್ನು ಎಷ್ಟು ಚೆನ್ನಾಗಿ ತಿರುಗಿ ಹೇಳಿದರು ನೋಡಿ. ಸದ್ದು ಪೂರ್ತಿ ಮುಟ್ಟಿದೆ, ಒಳಗೆ ಅರ್ಥ ಸಿಗುತ್ತಿಲ್ಲ. ಮುಂದೆ ತರಕಾರಿಯನ್ನೇ ಕೈಗೆ ಕೊಟ್ಟರೂ ಗುರುತು ಸಿಗದೆ ಹೋಗಬಹುದು. ಇಲ್ಲಿ ಸವೆಯುವುದು ಪಕ್ಕದ ಭಾಗದ ಮುಂತುದಿ. ಇಂಗ್ಲಿಷ್ ಮಾತಾಡುವವರಲ್ಲಿ ಈ ಬಗೆಗೆ ಒಂದು ಗುರುತಿದೆ. ಬರೆದಂತೆ ಓದದ ಪದಗಳನ್ನು ಅವರು ಅಕ್ಷರ ಕೂಡಿಸಿ ತಪ್ಪಾಗಿ ಓದುತ್ತಾರೆ. ಕನ್ನಡವನ್ನು ಬರೆದ ಹಾಗೇ ಓದುವುದರಿಂದ ಆ ಗುರುತು ನಮ್ಮಲ್ಲಿ ಅಡಗಿಬಿಡುತ್ತದೆ. ಪೇಪರ್ ಗಟ್ಟಿಯಾಗಿ ಓದಿದರು, ಹಾಗಾಗಿ ಸರಿ ಇದ್ದಾರೆ ಅಂತ ಸಮಾಧಾನ ಪಡಬೇಡಿ. ಓದಿದ್ದೇನು ಅಂತ ಕೇಳಿ.

ಮೂರು, ಪದ ಹುಡುಕುವ ಬಗೆ. ಮಾತಿನ ನಡುವೆ ನಿಲ್ಲುತ್ತಾರೆ, "ಅದು... ಅದೇ..." ಅನ್ನುತ್ತಾರೆ. ಅರ್ಥ ಗೊತ್ತು, ವ್ಯಾಕರಣವೂ ಸರಿ. ಉದ್ದದ ವಾಕ್ಯ ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ. "ಹಾಲಿನವನಿಗೆ ದುಡ್ಡು ಕೊಟ್ಟು, ಸೊಸೈಟಿಯಿಂದ ಅಕ್ಕಿ ತಂದು, ಗೇಟ್ ಬೀಗ ಹಾಕಿ" ಅಂದರೆ ಒಂದು ಕೆಲಸ ಮಾತ್ರ ಉಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿಯ ತನಕ ಹಿಂದಿನದನ್ನೆಲ್ಲ ಹಿಡಿದಿಟ್ಟುಕೊಳ್ಳಬೇಕು. ಅವರಿಗೆ ಅದೇ ಕಷ್ಟ. ಈ ಬಗೆಯ ಹಿಂದೆ ಹೆಚ್ಚಿನವರಲ್ಲಿ ಅಲ್ಝೈಮರ್ ಕಾಯಿಲೆಯೇ ಇರುತ್ತದೆ.

"ಹೌದು" ಅನ್ನುವ ಕಡೆ "ಇಲ್ಲ" ಅಂತಾರೆ. ಯಾವುದನ್ನು ನಂಬೋದು?

ತಡವರಿಸುವ ಬಗೆಯಲ್ಲಿ ಇದು ಸಾಕಷ್ಟು ಕಾಣುತ್ತದೆ. ಮನಸ್ಸಿನಲ್ಲಿ ಹೌದು ಇದ್ದರೂ ಬಾಯಿಗೆ ಇಲ್ಲ ಬರುತ್ತದೆ. "ಹೂಂ"ಗೂ "ಉಹೂಂ"ಗೂ ಇರುವ ಅಂತರವೂ ಸಣ್ಣದು. "ಕಾಫಿ ಬೇಕಾ?" ಅನ್ನುವ ಬದಲು ಕಾಫಿ ಲೋಟ, ನೀರಿನ ಲೋಟ ಎರಡನ್ನೂ ಮುಂದೆ ಇಡಿ. ಔಷಧಿ, ನೋವು, ಸಹಿ ಇಂಥ ವಿಷಯದಲ್ಲಿ ಎರಡು ಸಲ, ಎರಡು ರೀತಿಯಲ್ಲಿ ಕೇಳಿ.

ಮನೆಯಲ್ಲಿ ತುಳು, ಹೊರಗೆ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್. ಯಾವುದು ಮೊದಲು ಹೋಗುತ್ತದೆ?

ಎಲ್ಲ ಭಾಷೆಗೂ ಪೆಟ್ಟು ಬೀಳುತ್ತದೆ. ತಡವಾಗಿ ಕಲಿತದ್ದು, ಕಡಿಮೆ ಬಳಸಿದ್ದು ಮೊದಲು ಸೊರಗುವುದು ಹೆಚ್ಚು, ಆದರೆ ಅದೇ ನಿಯಮ ಅಲ್ಲ. ಪರೀಕ್ಷೆಯೂ ಥೆರಪಿಯೂ ಅವರಿಗೆ ಹತ್ತಿರವಾದ ಭಾಷೆಯಲ್ಲೇ ಆಗಲಿ ಅಂತ ಕೇಳಿ. ಅಫೇಸಿಯಾ ಅಳೆಯುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪರೀಕ್ಷೆ ಕನ್ನಡದಲ್ಲೂ ಇದೆ. ಅದು ಸಿದ್ಧವಾದದ್ದು ಮೈಸೂರಿನಲ್ಲೇ.

ಎರಡು ಮೂರು ಭಾಷೆ ಗೊತ್ತಿದ್ದರೆ ಈ ಕಾಯಿಲೆ ತಡವಾಗಿ ಬರುತ್ತದಂತೆ, ನಿಜವೇ?

ಅರ್ಧ ನಿಜ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ನೋಡಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದು ಬರಹ ಬಾರದವರಲ್ಲೂ ವ್ಯತ್ಯಾಸ ಕಂಡಿತು. ಆದರೆ 2017ರಲ್ಲಿ ಅದೇ ತಂಡ ಫ್ರಂಟೋಟೆಂಪೊರಲ್ ಡಿಮೆನ್ಶಿಯಾ ಇರುವವರನ್ನು ಪ್ರತ್ಯೇಕವಾಗಿ ನೋಡಿತು. ನಡವಳಿಕೆ ಬದಲಾಗುವ ಬಗೆಯಲ್ಲಿ ಈ ಲಾಭ ಇತ್ತು, ಮಾತು ಹೋಗುವ ಬಗೆಯಲ್ಲಿ ಕಾಣಲಿಲ್ಲ. "ನಾಲ್ಕು ಭಾಷೆ ಬರ್ತಿತ್ತು, ಆದರೂ ಯಾಕೆ ಬಂತು?" ಅಂತ ಕೊರಗುವವರಿಗೆ ನಾನು ಇದನ್ನೇ ಹೇಳುವುದು.

ಮಾತಿಲ್ಲ ಅಂದರೆ ಬುದ್ಧಿಯೂ ಇಲ್ಲ ಅಂತಲೇ?

ಅಲ್ಲ! ಅಪ್ಪ ಮಾತು ಬಿಟ್ಟ ಮೇಲೂ ಎರಡು ವರ್ಷ ಚೌಕಾಬಾರದಲ್ಲಿ ನನ್ನನ್ನು ಸೋಲಿಸಿದರು. ಪಕ್ಕದಲ್ಲೇ ಕೂತಿದ್ದ ಅಪ್ಪನ ಬಗ್ಗೆ "ಇವರಿಗೆ ಏನೂ ಗೊತ್ತಾಗಲ್ಲ" ಅಂತ ನೆಂಟರು ಹೇಳಿದಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಅವರೆದುರಿಗೆ ಅವರ ಬಗ್ಗೆ ಮೂರನೆಯವರ ಹಾಗೆ ಮಾತಾಡಬೇಡಿ.

ಔಷಧಿ ಇದೆಯೇ?

ಸವೆತವನ್ನು ನಿಲ್ಲಿಸುವ ಔಷಧಿ ಇನ್ನೂ ಇಲ್ಲ. ಅಲ್ಝೈಮರ್ ಕಾರಣವಾಗಿದ್ದರೆ ಅದಕ್ಕೆ ಕೊಡುವ ಮಾತ್ರೆಯನ್ನು ಡಾಕ್ಟರ್ ಕೊಡಬಹುದು. ಬೇರೆ ಬಗೆಗಳಿಗೆ ಅದು ಉಪಯೋಗವಿಲ್ಲ, ಕೆಲವರಿಗೆ ಕಿರಿಕಿರಿ ಹೆಚ್ಚಿಸುತ್ತದೆ. ಮಾತು ತರಿಸುತ್ತೇವೆ ಎಂದು ಜಾಹೀರಾತು ಕೊಡುವವರಿಗೆ ದುಡ್ಡು ಸುರಿಯಬೇಡಿ.

ಸ್ಪೀಚ್ ಥೆರಪಿ ಮಾತ್ರ ಬೇಗ ಶುರು ಮಾಡಿ. ಕಾಯಿಲೆ ವಾಸಿಯಾಗುವುದಿಲ್ಲ, ಆದರೆ ಅಭ್ಯಾಸ ಮಾಡಿದ ಪದಗಳು ಜಾಸ್ತಿ ದಿನ ಉಳಿಯುತ್ತವೆ. ದಿನಾ ಬೇಕಾಗುವ ಮಾತುಗಳನ್ನು ಸಣ್ಣ ಪಾಠದ ಹಾಗೆ ಮಾಡಿ ಹೇಳಿಸುವ ವಿಧಾನ ತಡವರಿಸುವ ಬಗೆಯವರಿಗೆ ನೆರವಾಗುತ್ತದೆ. ಅಪ್ಪ "ನಾನು ನಿಧಾನವಾಗಿ ಮಾತಾಡ್ತೀನಿ, ಸ್ವಲ್ಪ ಕಾಯಿರಿ" ಅನ್ನುವುದನ್ನು ತಿಂಗಳುಗಟ್ಟಲೆ ಕಲಿತರು. ಹಾಲಿನ ಬೂತಿನಲ್ಲಿ ಅದನ್ನು ಹೇಳಿ ಬಂದ ದಿನ ಅವರ ಮುಖ ನೋಡಬೇಕಿತ್ತು. ಧ್ವನಿ ಚೆನ್ನಾಗಿರುವಾಗಲೇ ಅವರ ಮಾತು, ಮೊಮ್ಮಕ್ಕಳನ್ನು ಕರೆಯುವ ಹೆಸರು ಎಲ್ಲ ರೆಕಾರ್ಡ್ ಮಾಡಿಡಿ.

ಅವರ ಜೊತೆ ಹೇಗೆ ಮಾತಾಡಬೇಕು?

ಮೊದಲು ಸದ್ದು ನಿಲ್ಲಿಸಿ. ಟಿವಿ ಆರಿಸಿ, ಮಿಕ್ಸಿ ಆಮೇಲೆ ಹಾಕಿ. ಎದುರಿಗೆ ಕೂತು, ಮುಖ ಕಾಣುವ ಹಾಗೆ, ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ಕಿರುಚಬೇಡಿ, ಕಿರುಚಿದರೆ ಸದ್ದು ಒಡೆಯುತ್ತದೆ, ಮನಸ್ಸೂ ಮುದುಡುತ್ತದೆ. ವಿಷಯ ಬದಲಾಗುವಾಗ ಮುಂಚೆಯೇ ಹೇಳಿ: "ಈಗ ಊಟದ ವಿಷಯ." ಊಹೆ ಬಿಗಿಯಾಗಿರುತ್ತದೆ ಅಂತ ಮೇಲೆ ಹೇಳಿದೆನಲ್ಲ, ಹೊಸ ವಿಷಯದ ಸುಳಿವು ಮೊದಲೇ ಸಿಕ್ಕರೆ ಹಳೆಯದನ್ನು ಬಿಡುವುದು ಸುಲಭ.

ಆಮೇಲೆ ಕಾಯಿರಿ. ನಾನು ಮನಸ್ಸಿನಲ್ಲೇ ಹತ್ತರ ತನಕ ಎಣಿಸುತ್ತಿದ್ದೆ. ಏಳಕ್ಕೋ ಎಂಟಕ್ಕೋ ಉತ್ತರ ಬರುತ್ತಿತ್ತು. ಮೊದಲೆಲ್ಲ ಮೂರಕ್ಕೇ ನಾನು ಬಾಯಿ ಹಾಕುತ್ತಿದ್ದೆ.

ಅರ್ಥ ಹೋಗುವ ಬಗೆಯವರಿಗೆ ಕಾಯುವುದಷ್ಟೇ ಸಾಲದು. ವಸ್ತು ತೋರಿಸಿ, ಕೈಗೆ ಕೊಡಿ, ಫೋಟೋ ಬಳಸಿ. ಕೊಂಕು ಮಾತು, ತಮಾಷೆಯ ಧ್ವನಿ ಯಾವ ಬಗೆಯವರಿಗೂ ತಪ್ಪಾಗಿ ತಟ್ಟಬಹುದು, ಯಾಕೆಂದರೆ ಧ್ವನಿಯಲ್ಲಿರುವ ಭಾವ ಗುರುತಿಸುವುದೂ ಕುಂದುತ್ತದೆ.

ದೇವರನಾಮ, ಶ್ಲೋಕ, ಮಗ್ಗಿಯಂಥ ಬಾಯಿಪಾಠ ಮಾತಿಗಿಂತ ಹೆಚ್ಚು ದಿನ ಉಳಿಯುವುದುಂಟು. ಜೊತೆಗೆ ಕೂತು ಹಾಡಿ.

ಮಕ್ಕಳಿಗೂ ಬರುತ್ತದೆಯೇ?

ಹೆಚ್ಚಿನವರಲ್ಲಿ ಇಲ್ಲ. ಕೆಲವು ಕುಟುಂಬಗಳಲ್ಲಿ ಮಾತ್ರ ಜಿಆರ್‌ಎನ್ ಎಂಬಂಥ ಜೀನ್‌ನ ದೋಷ ಇರುತ್ತದೆ. ರಕ್ತಸಂಬಂಧಿಗಳಲ್ಲಿ ಹಲವರಿಗೆ ಡಿಮೆನ್ಶಿಯಾ, ಪಾರ್ಕಿನ್ಸನ್ ತರಹದ ಕಾಯಿಲೆ ಬಂದಿದ್ದರೆ ಡಾಕ್ಟರಿಗೆ ಹೇಳಿ.

ಬ್ಯಾಂಕು, ಆಸ್ತಿ, ಸರ್ಕಾರದ ಸವಲತ್ತು?

ತಡ ಮಾಡಬೇಡಿ. ಅವರು ತಿಳಿದು ಸಹಿ ಹಾಕುವ ಸ್ಥಿತಿಯಲ್ಲಿರುವಾಗಲೇ ಜಂಟಿ ಖಾತೆ, ನಾಮಿನಿ, ವಿಲ್ ಮುಗಿಸಿ. ಸಾಮಾನ್ಯ ಪವರ್ ಆಫ್ ಅಟಾರ್ನಿ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ ಮೇಲೆ ನಮ್ಮ ಕಾನೂನಿನಲ್ಲಿ ನಡೆಯುವುದಿಲ್ಲ, ಹಾಗಾಗಿ ವಕೀಲರನ್ನು ಮುಂಚೆಯೇ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ "ವಾಕ್ ಮತ್ತು ಭಾಷಾ ವೈಕಲ್ಯ"ದಲ್ಲಿ ಅಫೇಸಿಯಾವನ್ನು ಹೆಸರಿಸಿಯೇ ಸೇರಿಸಿದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಬಹುದು.

ಮುಂದೆ ಏನಾಗುತ್ತದೆ?

ಕಾಯಿಲೆ ಹರಡುತ್ತದೆ. ವರ್ಷಗಳು ಕಳೆದ ಹಾಗೆ ನೆನಪು, ನಡವಳಿಕೆ, ನಡಿಗೆ ಇವಕ್ಕೂ ತಟ್ಟುತ್ತದೆ. ತಡವರಿಸುವ ಬಗೆಯಲ್ಲಿ ನುಂಗುವುದು ಕಷ್ಟವಾಗಬಹುದು. ಊಟದ ನಡುವೆ ಪದೇ ಪದೇ ಕೆಮ್ಮು ಬಂದರೆ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ, ನುಂಗುವ ತೊಂದರೆಯನ್ನೂ ಅವರೇ ನೋಡುತ್ತಾರೆ.

ನೋಡಿಕೊಳ್ಳುವ ನನಗೇ ಸಿಟ್ಟು ಬರುತ್ತೆ. ಆಮೇಲೆ ಅಳು ಬರುತ್ತೆ.

ನನಗೂ ಬರುತ್ತಿತ್ತು. ಯಾರ ಜೊತೆಯಾದರೂ ಹೇಳಿಕೊಳ್ಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ವಾರಕ್ಕೆ ಅರ್ಧ ದಿನವಾದರೂ ಬೇರೆಯವರಿಗೆ ಜವಾಬ್ದಾರಿ ಕೊಟ್ಟು ಹೊರಗೆ ಹೋಗಿ ಬನ್ನಿ.

ಮೊದಲು ಎಲ್ಲಿಗೆ ಹೋಗಬೇಕು?

ನರತಜ್ಞರ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆ ಬಲ್ಲ ತಂಡ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಿವಿಯ ಪರೀಕ್ಷೆ, ಮಾತಿನ ಪರೀಕ್ಷೆ, ಥೆರಪಿ ಮೂರೂ ಒಂದೇ ಕಡೆ ಸಿಗುತ್ತವೆ.

ಹೋಗುವ ಮೊದಲು ಮನೆಯಲ್ಲಿ ಎರಡು ವಿಡಿಯೋ ಮಾಡಿಕೊಳ್ಳಿ. ಒಂದರಲ್ಲಿ ನೀವಿಬ್ಬರೇ, ನಿಶ್ಶಬ್ದವಾಗಿರುವಾಗ. ಇನ್ನೊಂದರಲ್ಲಿ ಮನೆ ತುಂಬ ಜನ ಇರುವಾಗ, ಟಿವಿ ಹಾಡುತ್ತಿರುವಾಗ. ಆಸ್ಪತ್ರೆಯ ಹತ್ತು ನಿಮಿಷದಲ್ಲಿ ಅಪ್ಪ ತಲೆ ಆಡಿಸಿ ಎಲ್ಲಕ್ಕೂ ನಗುತ್ತಿದ್ದರು. ಡಾಕ್ಟರಿಗೆ ಅವರ ಕಷ್ಟ ಕಂಡದ್ದು ಎರಡನೇ ವಿಡಿಯೋದಲ್ಲಿ.